ಮೂರು ರೂಪಾಯಿಯ ಷೇರನ್ನು ಯಾವಾಗ ಕೊಳ್ಳಬೇಕು? ಪೆನ್ನಿ ಸ್ಟಾಕ್ ಬಗ್ಗೆ ಸಮಗ್ರ ಮಾರ್ಗದರ್ಶಿ

ಕಳೆದ ವರ್ಷ ಅಕ್ಟೋಬರ್ ಮೊದಲ ವಾರ. ಕೇರಳದ ಕಾಸರಗೋಡು ಜಿಲ್ಲೆಯ ನೀರ್ಚಾಲಿನ ನಮ್ಮ ಮನೆಯ ಜಗಲಿಯಲ್ಲಿ ಕುಳಿತು, ಉಳಿದಿದ್ದ ಒಣ ಅಡಿಕೆ ಸುಲಿಯುತ್ತಿದ್ದೆ. ಚಿಕ್ಕಪ್ಪನ ಮಗ ಬೈಕ್ ನಿಲ್ಲಿಸಿ ಒಳಗೆ ಬಂದವನೇ ಮೊಬೈಲನ್ನು ನನ್ನ ಮುಖದ ಮುಂದೆ ಹಿಡಿದ.

“ಅಣ್ಣಾ, ಮೂರು ರೂಪಾಯಿ ನಲವತ್ತು ಪೈಸೆ. ನಾಲ್ಕು ದಿನದಿಂದ ದಿನಾ ಅಪ್ಪರ್ ಸರ್ಕ್ಯೂಟ್. ಇವತ್ತೇ ತಗೊಳ್ಳುವುದಾ?”

“ತಗೊಳ್ಳುವುದು ಇರಲಿ. ಬೇಕಾದಾಗ ಮಾರಲಿಕ್ಕೆ ಆಗ್ತದಾ ನೋಡಿದ್ದೀಯಾ?”

ಅವನು ಸುಮ್ಮನಾದ. ಅಪ್ಪರ್ ಸರ್ಕ್ಯೂಟ್ ಎಂದರೆ ಬೆಲೆ ಒಂದು ದಿನದಲ್ಲಿ ಏರಬಹುದಾದ ಗರಿಷ್ಠ ಮಿತಿ ಮುಟ್ಟುವುದು. ಅವನಿದ್ದ ಟೆಲಿಗ್ರಾಂ ಗುಂಪಿನಲ್ಲಿ ಕೊಳ್ಳುವ ಬೆಲೆ ಬರೆದಿತ್ತು, ಟಾರ್ಗೆಟ್ ಬರೆದಿತ್ತು. ಮಾರುವ ಮಾತು ಎಲ್ಲಿಯೂ ಇರಲಿಲ್ಲ.

ಬದಿಯಡ್ಕ, ಪೆರ್ಲ, ಮುಳ್ಳೇರಿಯ, ಕುಂಬಳೆ ಕಡೆಯ ಎಷ್ಟೋ ಹುಡುಗರು ಇದೇ ಪ್ರಶ್ನೆ ಹಿಡಿದುಕೊಂಡು ಬರುತ್ತಾರೆ. ಅಡಿಕೆಗೆ ಧಾರಣೆ ಇದ್ದ ವರ್ಷ ಕೈಯಲ್ಲಿ ನಾಲ್ಕು ಕಾಸು ಉಳಿಯುತ್ತದೆ. ಟಿಪ್ ಬರುವುದು ಮಲಯಾಳದಲ್ಲಿ, ಕಂಪನಿಯ ಕಾಗದ ಇರುವುದು ಇಂಗ್ಲಿಷಿನಲ್ಲಿ. ನಮ್ಮ ಭಾಷೆಯಲ್ಲಿ ಕೂತು ಬಿಡಿಸಿ ಹೇಳುವವರು ಕಡಿಮೆ. ಹಾಗಾಗಿ ಪೆನ್ನಿ ಸ್ಟಾಕ್, ಅಂದರೆ ಕೆಲವೇ ರೂಪಾಯಿಗೆ ಸಿಗುವ ಚಿಕ್ಕ ಕಂಪನಿಗಳ ಷೇರಿನ ಬಗ್ಗೆ ನನಗೆ ಗೊತ್ತಿರುವುದನ್ನು ಗೊತ್ತಿರುವ ಹಾಗೆ ಬರೆಯುತ್ತಿದ್ದೇನೆ.

ಇದನ್ನು ನಾನು ಕಲಿತದ್ದು ದುಡ್ಡು ಕಳೆದುಕೊಂಡೇ. ಕೆಲವು ವರ್ಷಗಳ ಹಿಂದೆ ಪರಿಚಯದವರ ಮಾತು ನಂಬಿ 11 ರೂಪಾಯಿಯ ಒಂದು ಷೇರಿಗೆ 60,000 ಹಾಕಿದೆ. ಎರಡು ದಿನ ಏರಿತು. ಮೂರನೇ ದಿನ ಬೆಳಗ್ಗೆ 9.15ಕ್ಕೆ ಲೋವರ್ ಸರ್ಕ್ಯೂಟ್, ಅಂದರೆ ಆ ದಿನ ಇಳಿಯಬಹುದಾದ ಕೊನೆಯ ಮಿತಿ. ಆ ಪರದೆ ನನಗೆ ಇನ್ನೂ ಕಣ್ಣಿಗೆ ಕಟ್ಟಿದ ಹಾಗಿದೆ. ಬಲಗಡೆ ಮಾರುವವರ ಸಾಲಿನಲ್ಲಿ ಲಕ್ಷಗಟ್ಟಲೆ ಷೇರು. ಎಡಗಡೆ ಕೊಳ್ಳುವವರ ಐದೂ ಸಾಲಿನಲ್ಲಿ ಸೊನ್ನೆ, ಸೊನ್ನೆ, ಸೊನ್ನೆ, ಸೊನ್ನೆ, ಸೊನ್ನೆ. ದಿನಾ ಬೆಳಗ್ಗೆ ಆರ್ಡರ್ ಹಾಕುತ್ತಿದ್ದೆ, ಸಂಜೆ ಅದು ತಾನಾಗಿ ರದ್ದಾಗುತ್ತಿತ್ತು. ದಿನಕ್ಕೆ ಶೇ. 5ರಂತೆ ಇಳಿದರೆ ಹತ್ತು ದಿನದಲ್ಲಿ 11 ರೂಪಾಯಿ 6.60 ಆಗುತ್ತದೆ, ಇಪ್ಪತ್ತು ದಿನದಲ್ಲಿ 3.90. ನನಗೆ ಮಾರಲು ಸಾಧ್ಯವಾದದ್ದು ಆ 3.90ರ ಹತ್ತಿರ. ಕೈಗೆ ಬಂದದ್ದು 21,000 ಚಿಲ್ಲರೆ.

ಅಂದಿನಿಂದ ‘ಯಾವಾಗ ಕೊಳ್ಳುವುದು’ ಎಂಬ ಪ್ರಶ್ನೆಯನ್ನು ನಾನು ಬೇರೆ ರೀತಿ ಕೇಳಿಕೊಳ್ಳುತ್ತೇನೆ. ಮಾರುವ ದಾರಿ ತೆರೆದಿದೆ ಎಂದು ಕಣ್ಣಾರೆ ಕಂಡಿದ್ದೇನಾ? ಕಂಪನಿಯಲ್ಲಿ ಏನೋ ನಿಜವಾಗಿ ಬದಲಾಗಿದೆ ಎಂದು ಕಾಗದದಲ್ಲಿ ಓದಿದ್ದೇನಾ? ಎರಡಕ್ಕೂ ಹೌದು ಎನ್ನುವ ದಿನವೇ ಕೊಳ್ಳುವ ದಿನ. ಅಲ್ಲಿಯವರೆಗೆ ಬೆಲೆ ಎಷ್ಟು ಅಗ್ಗವಾಗಿ ಕಂಡರೂ ಕಾಯುತ್ತೇನೆ.

ಮೊದಲ ಹಂತ: ಯಾವ ದುಡ್ಡು?

ಚಿನ್ನ ಅಡವಿಟ್ಟು ತಂದ ದುಡ್ಡು ಬೇಡ. ಚಿಟ್ಟಿ ಕರೆದು ತೆಗೆದ ದುಡ್ಡು ಬೇಡ. ಮೈಲುತುತ್ತಿಗೆ, ಗೊಬ್ಬರಕ್ಕೆ, ಮಕ್ಕಳ ಫೀಸಿಗೆ ಎಂದು ತೆಗೆದಿಟ್ಟದ್ದು ಖಂಡಿತ ಬೇಡ. ಪೂರ್ತಿ ಸೊನ್ನೆಯಾದರೂ ಮನೆಯ ಒಂದು ಕೆಲಸವೂ ನಿಲ್ಲಬಾರದು, ಅಷ್ಟೇ ಹಾಕಬೇಕು. ನನ್ನ ಲೆಕ್ಕ ಹೀಗಿದೆ: ಷೇರಿನಲ್ಲಿ ನನ್ನದು ಒಟ್ಟು ನೂರು ರೂಪಾಯಿ ಇದ್ದರೆ ಇಂಥ ಷೇರುಗಳಿಗೆಲ್ಲ ಸೇರಿ ಐದು, ಒಂದೇ ಕಂಪನಿಗೆ ಎರಡಕ್ಕಿಂತ ಜಾಸ್ತಿ ಇಲ್ಲ. ಈ ಮೊತ್ತವನ್ನು ಕಂಪನಿಯ ಹೆಸರು ನೋಡುವ ಮೊದಲೇ ಬರೆದಿಡಿ. ಹೆಸರು ನೋಡಿದ ಮೇಲೆ ಆಸೆ ಮೊತ್ತವನ್ನು ಏರಿಸುತ್ತದೆ.

ಎರಡನೇ ಹಂತ: ‘ಅಗ್ಗ’ ಎನ್ನುವ ಮಾತನ್ನು ಪರೀಕ್ಷೆ ಮಾಡಿ

ತಮ್ಮನ ವಾದ ಇಷ್ಟೇ ಇತ್ತು. ಮೂರು ರೂಪಾಯಿ ಇನ್ನೆಷ್ಟು ಇಳಿಯಲು ಸಾಧ್ಯ? ಆರು ಆದರೆ ಡಬಲ್ ಅಲ್ವಾ?

ಒಂದು ಷೇರಿನ ಬೆಲೆಯಿಂದ ಕಂಪನಿ ಅಗ್ಗವೋ ದುಬಾರಿಯೋ ಗೊತ್ತಾಗುವುದಿಲ್ಲ. ಎಷ್ಟು ಷೇರುಗಳಿವೆ ಎಂದು ನೋಡಬೇಕು. ಅವನ ಕಂಪನಿಯಲ್ಲಿ 120 ಕೋಟಿ ಷೇರುಗಳಿದ್ದವು. 3.40ರಿಂದ ಗುಣಿಸಿದರೆ 408 ಕೋಟಿ ರೂಪಾಯಿ. ಅಂದರೆ ಪೇಟೆ ಆ ಇಡೀ ಕಂಪನಿಗೆ 408 ಕೋಟಿ ಕಟ್ಟುತ್ತಿದೆ. ಅದರ ಇಡೀ ವರ್ಷದ ವ್ಯಾಪಾರ ಎಷ್ಟು? 22 ಕೋಟಿ. ಲಾಭ ಅಲ್ಲ, ವ್ಯಾಪಾರ. ಬದಿಯಡ್ಕ ಪೇಟೆಯಲ್ಲಿ ವರ್ಷಕ್ಕೆ 22 ಲಕ್ಷ ವ್ಯಾಪಾರ ಮಾಡುವ ಅಂಗಡಿಯನ್ನು 4 ಕೋಟಿ ಕೊಟ್ಟು ಕೊಳ್ಳುತ್ತೀಯಾ ಎಂದು ಕೇಳಿದೆ. ಇಲ್ಲ ಎಂದ. ಅವನು ಮಾಡಲು ಹೊರಟಿದ್ದು ಅದನ್ನೇ.

ಟಯರ್ ಕಂಪನಿ ಎಂಆರ್‌ಎಫ್‌ನ ಒಂದು ಷೇರು 2023ರ ಜೂನ್‌ನಲ್ಲಿ ಒಂದು ಲಕ್ಷ ರೂಪಾಯಿ ದಾಟಿತು. ಅದು ಒಂದು ಲಕ್ಷ ಎಂದ ಮಾತ್ರಕ್ಕೆ ದುಬಾರಿಯಾಗಲಿಲ್ಲ, ಇದು ಮೂರು ರೂಪಾಯಿ ಎಂದ ಮಾತ್ರಕ್ಕೆ ಅಗ್ಗವೂ ಆಗಲಿಲ್ಲ. ಇನ್ನು ‘ಎಷ್ಟು ಇಳಿಯಲು ಸಾಧ್ಯ’ ಎಂಬುದಕ್ಕೆ ಉತ್ತರ: ಪೂರ್ತಿ. 3.40ರಿಂದ 1.36ಕ್ಕೆ ಇಳಿದರೆ ಶೇ. 60 ಹೋಯಿತು. ಮತ್ತೆ 3.40ಕ್ಕೆ ಬರಬೇಕಾದರೆ ಶೇ. 150 ಏರಬೇಕು.

ಮೂರನೇ ಹಂತ: ಮಾರುವ ದಾರಿ

ಇಲ್ಲಿ ನಿಧಾನ ಮಾಡಿ. ಕಂಪನಿಯ ಕಾಗದ ಓದುವ ಮೊದಲು ನಾನು ಇದನ್ನೇ ನೋಡುತ್ತೇನೆ. ಇಲ್ಲಿ ಸೋತರೆ ಮುಂದೆ ಓದುವ ಅಗತ್ಯವೇ ಇಲ್ಲ.

ಷೇರು ವಿನಿಮಯ ಕೇಂದ್ರಗಳಾದ ಬಿಎಸ್‌ಇ ಅಥವಾ ಎನ್‌ಎಸ್‌ಇ ವೆಬ್‌ಸೈಟಿನಲ್ಲಿ ಕಂಪನಿಯ ಹೆಸರು ಹಾಕಿ. ಮೊದಲು ಅದು ಯಾವ ಗುಂಪಿನಲ್ಲಿದೆ ನೋಡಿ. ಬಿಎಸ್‌ಇಯಲ್ಲಿ ‘ಟಿ’ ಅಥವಾ ‘ಎಕ್ಸ್‌ಟಿ’, ಎನ್‌ಎಸ್‌ಇಯಲ್ಲಿ ‘ಬಿಇ’ ಎಂದಿದ್ದರೆ ಅದು ಟ್ರೇಡ್ ಟು ಟ್ರೇಡ್. ಇವತ್ತು ಕೊಂಡು ಇವತ್ತೇ ಮಾರುವ ಹಾಗಿಲ್ಲ. ಷೇರು ನಿಮ್ಮ ಡಿಮ್ಯಾಟ್ ಖಾತೆಗೆ, ಅಂದರೆ ಷೇರು ಇಡುವ ಖಾತೆಗೆ, ಬಂದ ಮೇಲೆಯೇ ಮಾರಬಹುದು. ಬಿಎಸ್‌ಇಯಲ್ಲಿ ‘ಝಡ್’, ಎನ್‌ಎಸ್‌ಇಯಲ್ಲಿ ‘ಬಿಝಡ್’ ಎಂದಿದ್ದರೆ ಆ ಕಂಪನಿ ವಿನಿಮಯ ಕೇಂದ್ರದ ನಿಯಮಗಳನ್ನೇ ಪಾಲಿಸಿಲ್ಲ ಎಂದು ಅರ್ಥ. ಅಂಥದ್ದನ್ನು ನಾನು ಮುಟ್ಟುವುದಿಲ್ಲ. ನೀವೂ ಮುಟ್ಟಬೇಡಿ.

ಆಮೇಲೆ ನಿಗಾ ಪಟ್ಟಿ, ಅಂದರೆ ವಿನಿಮಯ ಕೇಂದ್ರಗಳು ಕಣ್ಣಿಟ್ಟಿರುವ ಷೇರುಗಳ ಪಟ್ಟಿ. ಜಿಎಸ್‌ಎಂ 2017ರಲ್ಲಿ ಬಂತು, ಎಎಸ್‌ಎಂ 2018ರಲ್ಲಿ, ಚಿಕ್ಕ ಕಂಪನಿಗಳಿಗೆಂದೇ ಇಎಸ್‌ಎಂ 2023ರಲ್ಲಿ. ವ್ಯವಹಾರಕ್ಕೂ ಬೆಲೆಗೂ ತಾಳಮೇಳ ಇಲ್ಲದ ಷೇರುಗಳನ್ನು ಇವುಗಳಿಗೆ ಹಾಕುತ್ತಾರೆ. ಜಿಎಸ್‌ಎಂನ ಮೇಲಿನ ಹಂತಗಳಲ್ಲಿ ವಾರಕ್ಕೆ ಒಂದೇ ದಿನ ವ್ಯಾಪಾರ, ಕೊಳ್ಳುವವರು ಹೆಚ್ಚುವರಿ ಠೇವಣಿ ಬೇರೆ ಇಡಬೇಕು. ಬ್ರೋಕರ್ ಆ್ಯಪ್‌ನಲ್ಲಿ ಆರ್ಡರ್ ಹಾಕುವಾಗ ಒಂದು ಎಚ್ಚರಿಕೆ ಬರುತ್ತದಲ್ಲ, ನಾವು ಸುಮ್ನೆ ‘ಓಕೆ’ ಒತ್ತಿಬಿಡುತ್ತೇವೆ. ಅದನ್ನು ಓದಿ. ಅದು ನಿಮಗಾಗಿಯೇ ಇರುವುದು.

ಸರ್ಕ್ಯೂಟ್ ಎಷ್ಟಿದೆ ನೋಡಿ. ಒಂದು ದಿನದಲ್ಲಿ ಬೆಲೆ ಹೆಚ್ಚೆಂದರೆ ಎಷ್ಟು ಏರಬಹುದು, ಇಳಿಯಬಹುದು ಎನ್ನುವ ಮಿತಿ ಅದು: ಶೇ. 2, 5, 10 ಅಥವಾ 20. ತಮ್ಮನ ಷೇರಿಗೆ ಶೇ. 5 ಇತ್ತು. 3.40ಕ್ಕೆ ಮುಗಿದಿದ್ದರೆ ಮರುದಿನ 3.23ರಿಂದ 3.57ರ ಒಳಗೇ ಇರಬೇಕು. ಮಿತಿ ಚಿಕ್ಕದಾದಷ್ಟು ಸುರಕ್ಷಿತ ಎಂದು ಕೆಲವರು ತಿಳಿದಿದ್ದಾರೆ. ಅದು ತಪ್ಪು. ಕೆಟ್ಟ ಸುದ್ದಿ ಬಂದ ದಿನ ದೊಡ್ಡ ಷೇರು ಶೇ. 20 ಬಿದ್ದರೂ ಮಾರಲು ಆಗುತ್ತದೆ. ಇಲ್ಲಿ ಶೇ. 5 ಬಿದ್ದು ಬಾಗಿಲು ಮುಚ್ಚುತ್ತದೆ, ಮರುದಿನ ಮತ್ತೆ ಶೇ. 5. ಸ್ಟಾಪ್ ಲಾಸ್, ಅಂದರೆ ಬೆಲೆ ಇಷ್ಟಕ್ಕೆ ಇಳಿದರೆ ಮಾರಿಬಿಡು ಎಂಬ ಆರ್ಡರ್, ಹಾಕಿದ್ದೇನೆ ಎಂದು ಧೈರ್ಯವಾಗಿರಬೇಡಿ. ಕೊಳ್ಳುವವನೇ ಇಲ್ಲದಿದ್ದರೆ ಆ ಆರ್ಡರ್ ಯಾರ ಜೊತೆ ಜೋಡಿಯಾಗಬೇಕು?

ಅಪ್ಪರ್ ಸರ್ಕ್ಯೂಟಿನ ಕಥೆ ಇದರ ಇನ್ನೊಂದು ಮುಖ. ನಾಲ್ಕು ದಿನದಿಂದ ಅಪ್ಪರ್ ಸರ್ಕ್ಯೂಟ್ ಎಂದರೆ ನಾಲ್ಕು ದಿನದಿಂದ ಮಾರುವವರೇ ಇಲ್ಲ. ನೀವು ಆರ್ಡರ್ ಹಾಕಿದರೂ ಸಿಗುವುದಿಲ್ಲ. ಒಂದು ದಿನ ಇದ್ದಕ್ಕಿದ್ದ ಹಾಗೆ ನಿಮ್ಮ ಆರ್ಡರ್ ಪೂರ್ತಿ ಸಿಕ್ಕಿಬಿಡುತ್ತದೆ. ಆ ದಿನ ಸಂತೋಷ ಪಡುವ ಮೊದಲು ಯೋಚಿಸಿ: ಇಷ್ಟು ದಿನ ಬಿಗಿಯಾಗಿ ಹಿಡಿದುಕೊಂಡಿದ್ದವರು ಇವತ್ತು ಯಾಕೆ ಬಿಟ್ಟರು? ಅಪ್ಪರ್ ಸರ್ಕ್ಯೂಟಿನಲ್ಲಿ ಸಾಲು ನಿಂತು ಕೊಳ್ಳಬಾರದು. ಇದರಲ್ಲಿ ನನಗೆ ಎರಡು ಮಾತಿಲ್ಲ.

ಕೊನೆಗೆ ವಹಿವಾಟಿನ ಲೆಕ್ಕ. ಕಳೆದ ಇಪ್ಪತ್ತು ದಿನ ದಿನಕ್ಕೆ ಸರಾಸರಿ ಎಷ್ಟು ರೂಪಾಯಿಯ ಷೇರು ಕೈಬದಲಾಗಿದೆ? ಷೇರುಗಳ ಸಂಖ್ಯೆ ಬೇಡ, ರೂಪಾಯಿ ನೋಡಿ. ನೀವು ಹಾಕುವ ಮೊತ್ತ ಅದರ ಇಪ್ಪತ್ತರಲ್ಲಿ ಒಂದು ಪಾಲು ದಾಟಬಾರದು. ತಮ್ಮ 40,000 ಹಾಕಬೇಕೆಂದಿದ್ದ. ಹಾಗಾದರೆ ದಿನದ ವಹಿವಾಟು 8 ಲಕ್ಷವಾದರೂ ಬೇಕು. ಅಲ್ಲಿ ಇದ್ದದ್ದು 4 ಲಕ್ಷ. ಅದೂ ಆ ನಾಲ್ಕು ದಿನದ ಗದ್ದಲ ಸೇರಿ. ಕೆಲವರು ಡೆಲಿವರಿ ಶೇಕಡಾವಾರು, ಅಂದರೆ ಕೊಂಡದ್ದರಲ್ಲಿ ಅದೇ ದಿನ ಮಾರದೆ ಖಾತೆಗೆ ಬಂದ ಷೇರಿನ ಪಾಲು, ನೋಡಿ ‘ನೂರಕ್ಕೆ ನೂರು ಡೆಲಿವರಿ, ದೊಡ್ಡವರು ತಗೊಳ್ಳುತ್ತಿದ್ದಾರೆ’ ಎನ್ನುತ್ತಾರೆ. ಟ್ರೇಡ್ ಟು ಟ್ರೇಡ್ ಗುಂಪಿನಲ್ಲಿ ಎಲ್ಲವೂ ಡೆಲಿವರಿಯೇ. ಆ ನೂರಕ್ಕೆ ಏನೂ ಅರ್ಥ ಇಲ್ಲ.

ನಾಲ್ಕನೇ ಹಂತ: ಕತ್ತರಿಸಿ ನೋಡುವುದು

ಅಡಿಕೆ ಅಂಗಡಿಯವರು ಗೋಣಿಗೆ ಕೈ ಹಾಕಿ ನಾಲ್ಕೈದು ಅಡಿಕೆ ತೆಗೆದು ಅಡಕತ್ತರಿಯಲ್ಲಿ ಕತ್ತರಿಸುತ್ತಾರೆ. ಹೊರಗೆ ಬೆಳ್ಳಗೆ ಚಾಲಿಯ ಹಾಗೆ ಹೊಳೆಯುವುದು ಒಳಗೆ ಕಪ್ಪಾಗಿದ್ದರೆ ಅದರ ಜಾಗ ಪಟೋರದ ರಾಶಿಯಲ್ಲಿ. ಕಂಪನಿಗೂ ನಾಲ್ಕೈದು ಕಡೆ ಕತ್ತರಿ ಹಾಕಿದರೆ ಸಾಕು, ಇಡೀ ಗೋಣಿ ಸುರಿಯಬೇಕಾಗಿಲ್ಲ. ಎಲ್ಲವೂ ವಿನಿಮಯ ಕೇಂದ್ರದ ವೆಬ್‌ಸೈಟಿನಲ್ಲಿ ಉಚಿತವಾಗಿ ಸಿಗುತ್ತದೆ.

ಲಾಭ ಎಲ್ಲಿಂದ ಬಂತು? ಫಲಿತಾಂಶದಲ್ಲಿ ‘ರೆವೆನ್ಯೂ ಫ್ರಮ್ ಆಪರೇಷನ್ಸ್’ ಎಂಬ ಸಾಲು ಇರುತ್ತದೆ. ಅದು ವ್ಯಾಪಾರ. ಅದರ ಕೆಳಗೆ ‘ಅದರ್ ಇನ್‌ಕಮ್’. ಅದು ಬಡ್ಡಿ, ಜಾಗ ಮಾರಿದ ದುಡ್ಡು, ಹಳೇ ಬಾಕಿ ಬಿಟ್ಟುಕೊಟ್ಟದ್ದು, ಹೀಗೆ ಏನೇನೋ. ತಮ್ಮನ ಕಂಪನಿ 1.8 ಕೋಟಿ ಲಾಭ ತೋರಿಸಿತ್ತು. ಅದರಲ್ಲಿ ಒಂದೂವರೆ ಕೋಟಿ ಈ ಎರಡನೇ ಸಾಲಿನದ್ದು. ತೋಟದಲ್ಲಿ ಫಸಲು ಬರದೆ ತೋಟದ ಮೂಲೆ ಮಾರಿ ತಂದ ದುಡ್ಡನ್ನು ಯಾರೂ ಫಸಲು ಎನ್ನುವುದಿಲ್ಲ.

ದುಡ್ಡು ಕೈಗೆ ಬಂತಾ? ‘ಟ್ರೇಡ್ ರಿಸೀವಬಲ್ಸ್’ ಎಂದರೆ ಗಿರಾಕಿಗಳಿಂದ ಬರಬೇಕಾದ ಬಾಕಿ. 22 ಕೋಟಿ ವ್ಯಾಪಾರಕ್ಕೆ 19 ಕೋಟಿ ಬಾಕಿ ಇತ್ತು. ನಮ್ಮೂರ ಕಿರಾಣಿ ಅಂಗಡಿಯಲ್ಲಿ ನೂರರಲ್ಲಿ ಎಂಬತ್ತಾರು ರೂಪಾಯಿ ಸಾಲದ ಪುಸ್ತಕದಲ್ಲೇ ಉಳಿದರೆ ಆ ಅಂಗಡಿ ಎಷ್ಟು ದಿನ ನಡೆಯುತ್ತದೆ? ಕೆಲವು ಕಡೆ ಆ ಗಿರಾಕಿಯೇ ಇರುವುದಿಲ್ಲ. ‘ಕ್ಯಾಶ್ ಫ್ಲೋ’ ಪಟ್ಟಿ ಆರು ತಿಂಗಳಿಗೊಮ್ಮೆ ಬರುತ್ತದೆ. ಲಾಭ ಇದ್ದೂ ವ್ಯವಹಾರದಿಂದ ಬಂದ ನಗದು ವರ್ಷದಿಂದ ವರ್ಷಕ್ಕೆ ಮೈನಸ್ ಇದ್ದರೆ ನಾನು ಅಲ್ಲಿಗೇ ನಿಲ್ಲಿಸುತ್ತೇನೆ.

ಯಜಮಾನರು ಎಲ್ಲಿದ್ದಾರೆ? ‘ಷೇರ್‌ಹೋಲ್ಡಿಂಗ್ ಪ್ಯಾಟರ್ನ್’ ತೆರೆದು ಕಳೆದ ಎಂಟು ತ್ರೈಮಾಸಿಕ ಪಕ್ಕಪಕ್ಕ ಬರೆಯಿರಿ. ಪ್ರವರ್ತಕರ ಪಾಲು ಮೆಲ್ಲನೆ ಇಳಿಯುತ್ತಿದೆಯಾ? ಅವರ ಷೇರು ಅಡವಿದೆಯಾ? ಸಣ್ಣ ಷೇರುದಾರರ ಸಂಖ್ಯೆ ಏರುತ್ತಿದೆಯಾ? ಪ್ರವರ್ತಕರು ಕಡಿಮೆ, ಸಣ್ಣವರು ಜಾಸ್ತಿ ಎಂದಾದರೆ ಯಾರು ಯಾರಿಗೆ ಮಾರಿದರು ಎಂದು ಹೇಳಬೇಕಾಗಿಲ್ಲ.

ಆಡಿಟರ್ ಏನು ಬರೆದಿದ್ದಾರೆ? ವಾರ್ಷಿಕ ವರದಿ ನೂರಾರು ಪುಟ ಇರುತ್ತದೆ. ಅದರಲ್ಲಿ ‘ಗೋಯಿಂಗ್ ಕನ್ಸರ್ನ್’ ಮತ್ತು ‘ಕ್ವಾಲಿಫೈಡ್ ಒಪೀನಿಯನ್’ ಎಂಬ ಎರಡು ಮಾತು ಹುಡುಕಿ. ಕಂಪನಿ ಮುಂದೆ ನಡೆಯುವುದೇ ಅನುಮಾನ ಎಂದು ಮೊದಲನೆಯದರ ಹತ್ತಿರ ಬರೆದಿರಬಹುದು. ಲೆಕ್ಕದ ಒಂದು ಭಾಗವನ್ನು ನಾವು ಒಪ್ಪುವುದಿಲ್ಲ ಎಂದು ಎರಡನೆಯದರ ಹತ್ತಿರ. ಆಡಿಟರ್ ಅವಧಿಯ ನಡುವೆ ರಾಜೀನಾಮೆ ಕೊಟ್ಟಿದ್ದರೆ ಅಲ್ಲಿಗೆ ಬಿಡಿ.

ಐದನೇ ಹಂತ: ಕ್ಯಾಲೆಂಡರ್

‘ಯಾವಾಗ’ ಎಂಬುದರ ನಿಜವಾದ ಉತ್ತರ ಚಾರ್ಟಿಗಿಂತ ಕ್ಯಾಲೆಂಡರಿನಲ್ಲಿದೆ. ಪಟ್ಟಿಯಲ್ಲಿರುವ ಕಂಪನಿಗಳು ತ್ರೈಮಾಸಿಕ ಮುಗಿದು 45 ದಿನದೊಳಗೆ ಫಲಿತಾಂಶ ಕೊಡಬೇಕು. ಅಂದರೆ ಆಗಸ್ಟ್ 14, ನವೆಂಬರ್ 14, ಫೆಬ್ರವರಿ 14ರ ಒಳಗೆ. ವರ್ಷದ ಲೆಕ್ಕಕ್ಕೆ 60 ದಿನ, ಅಂದರೆ ಮೇ 30. ಷೇರುದಾರರ ಪಟ್ಟಿಗೆ 21 ದಿನ: ಜನವರಿ, ಏಪ್ರಿಲ್, ಜುಲೈ, ಅಕ್ಟೋಬರ್ ತಿಂಗಳ 21. ಗೋಡೆಯ ಕ್ಯಾಲೆಂಡರಿನಲ್ಲಿ ಈ ದಿನಗಳಿಗೆ ಗುರುತು ಹಾಕಿಡಿ. ಇಂಥ ದಿನಕ್ಕೆ ಹತ್ತು ದಿನ ಬಾಕಿ ಇರುವಾಗ ಕೊಳ್ಳಬೇಡಿ. ಕಾಗದ ಬರಲಿ, ಓದಿ, ಆಮೇಲೆ ನಿರ್ಧರಿಸಿ. ಗಡುವು ಮುಗಿದೂ ಫಲಿತಾಂಶ ಬರದಿದ್ದರೆ ಅದೂ ಒಂದು ಉತ್ತರವೇ.

ಇನ್ನೂ ಎರಡು ದಿನಾಂಕ ಹೆಚ್ಚಿನವರಿಗೆ ಗೊತ್ತಿಲ್ಲ. ಒಂದು, ಲಾಕ್‌ಇನ್ ಮುಗಿಯುವ ದಿನ. ಕಂಪನಿ ‘ಪ್ರಿಫರೆನ್ಷಿಯಲ್ ಅಲಾಟ್‌ಮೆಂಟ್’ ಎಂದು ಕೆಲವರಿಗೆ ಮಾತ್ರ ಷೇರು ಕೊಡುತ್ತದೆ. ಪ್ರವರ್ತಕರಲ್ಲದವರು ಅದನ್ನು ಆರು ತಿಂಗಳು ಮಾರುವ ಹಾಗಿಲ್ಲ. ಒಂದು ರೂಪಾಯಿಗೆ ಪಡೆದವರು ಮೂರೂವರೆ ಇರುವಾಗ, ಬೀಗ ತೆಗೆದ ಮರುದಿನ ಏನು ಮಾಡುತ್ತಾರೆ? ಆ ದಿನದ ಮುಂಚಿನ ಎರಡು ತಿಂಗಳಲ್ಲಿ ಒಳ್ಳೆ ಸುದ್ದಿಗಳು ಸಾಲುಸಾಲಾಗಿ ಬರುತ್ತಿದ್ದರೆ ನನಗೆ ಹೆದರಿಕೆಯಾಗುತ್ತದೆ. ಬೀಗ ತೆರೆದು ಆ ಷೇರೆಲ್ಲ ಪೇಟೆಗೆ ಬಂದು ಮುಗಿಯುವವರೆಗೆ ಕಾಯುವುದು ಲೇಸು.

ಇನ್ನೊಂದು ವಾರಂಟ್, ಅಂದರೆ ಮುಂದೆ ನಿಗದಿತ ಬೆಲೆಗೆ ಷೇರು ಪಡೆಯುವ ಹಕ್ಕು. ‘ಕಂಪನಿಗೆ 100 ಕೋಟಿ ಬರುತ್ತಿದೆ’ ಎಂಬ ಸುದ್ದಿ ನೋಡಿ ಜನ ಕೊಳ್ಳುತ್ತಾರೆ. ವಾರಂಟ್ ಆಗಿದ್ದರೆ ಮೊದಲು ಬರುವುದು ಕಾಲು ಭಾಗ. ಉಳಿದದ್ದಕ್ಕೆ 18 ತಿಂಗಳ ಸಮಯ. ಬೆಲೆ ಬಿದ್ದರೆ ಅವರು ಉಳಿದ ದುಡ್ಡು ಕಟ್ಟದೆ ಹೋಗಬಹುದು. ಕಟ್ಟಿದ ಮೇಲೆ ಲೆಕ್ಕಕ್ಕೆ ತೆಗೆದುಕೊಳ್ಳಿ.

ಕಾದರೆ ಏರಿಕೆ ತಪ್ಪಿಹೋಗುವುದಿಲ್ಲವಾ ಎಂದು ತಮ್ಮ ಕೇಳಿದ. ಸ್ವಲ್ಪ ತಪ್ಪುತ್ತದೆ. ಗಾಳಿಯಂತ್ರ ತಯಾರಿಸುವ ಸುಜ್ಲಾನ್ ಕಂಪನಿಯ ಕಥೆ ಹೇಳಿದೆ. 2008ರ ಜನವರಿಯಲ್ಲಿ 400 ರೂಪಾಯಿ ದಾಟಿದ್ದ ಷೇರು 2020ರ ಮಾರ್ಚ್‌ನಲ್ಲಿ 2 ರೂಪಾಯಿ ಆಸುಪಾಸಿಗೆ ಬಂತು. ದಾರಿಯಲ್ಲಿ 200ಕ್ಕೆ, 50ಕ್ಕೆ, 20ಕ್ಕೆ ‘ಎಷ್ಟು ಅಗ್ಗ’ ಎಂದು ಕೊಂಡವರಿದ್ದಾರೆ. ಆಮೇಲೆ ಒಂದೊಂದಾಗಿ ಬದಲಾವಣೆ ಕಾಗದಕ್ಕೆ ಬಂತು. 2020ರಲ್ಲಿ ಬ್ಯಾಂಕುಗಳು ಸಾಲವನ್ನು ಹೊಸದಾಗಿ ಹೊಂದಿಸಿಕೊಟ್ಟವು. 2022ರ ಅಕ್ಟೋಬರ್‌ನಲ್ಲಿ 5 ರೂಪಾಯಿಯಂತೆ 1,200 ಕೋಟಿಯ ರೈಟ್ಸ್ ಇಶ್ಯೂ, ಅಂದರೆ ಇದ್ದ ಷೇರುದಾರರಿಗೇ ಹೊಸ ಷೇರು ಕೊಟ್ಟು ದುಡ್ಡು ಎತ್ತಿದ್ದು. 2023ರ ಆಗಸ್ಟ್‌ನಲ್ಲಿ ದೊಡ್ಡ ಹೂಡಿಕೆದಾರರಿಂದ 2,000 ಕೋಟಿ. 2024ರ ಸೆಪ್ಟೆಂಬರ್‌ನಲ್ಲಿ ಷೇರು 80 ದಾಟಿತು. 2 ರೂಪಾಯಿಗೆ ಕೊಂಡವನು ಕತ್ತಲೆಯಲ್ಲಿ ಕೊಂಡ. ರೈಟ್ಸ್ ಇಶ್ಯೂ ಮುಗಿಯುವವರೆಗೆ ಕಾದು ಕೊಂಡವನಿಗೂ ಬೇಕಾದಷ್ಟು ಉಳಿದಿತ್ತು. ಆದರೆ ಇಂಥದ್ದು ತುಂಬ ಅಪರೂಪ. ಒಂದು ಸುಜ್ಲಾನ್ ನೋಡಿ ಎಲ್ಲವೂ ಹಾಗೆ ಎಂದುಕೊಳ್ಳಬೇಡಿ.

ಮನೆ ಸಾಲ ಕೊಡುತ್ತಿದ್ದ ಡಿಎಚ್‌ಎಫ್‌ಎಲ್‌ನದ್ದು ಇನ್ನೊಂದು ದಿಕ್ಕು. ದಿವಾಳಿ ಪ್ರಕ್ರಿಯೆಯಲ್ಲಿದ್ದ ಆ ಕಂಪನಿಯನ್ನು ಪಿರಮಲ್ ಕೊಳ್ಳುವ ಯೋಜನೆಗೆ 2021ರ ಜೂನ್‌ನಲ್ಲಿ ಎನ್‌ಸಿಎಲ್‌ಟಿ ಎಂಬ ಕಂಪನಿ ನ್ಯಾಯಮಂಡಳಿ ಒಪ್ಪಿತು. ದೊಡ್ಡ ಕಂಪನಿ ಬರುತ್ತಿದೆ, ಷೇರು ಹಾರುತ್ತದೆ ಎಂದು ಜನ ಕೊಂಡರು. ಯೋಜನೆಯಲ್ಲಿ ಹಳೆಯ ಷೇರುದಾರರ ಪಾಲು ಸೊನ್ನೆ ಎಂದಿತ್ತು. ಷೇರನ್ನು ಪಟ್ಟಿಯಿಂದಲೇ ತೆಗೆದರು. ಕಂಪನಿ ಉಳಿಯುವುದು ಬೇರೆ, ನಿಮ್ಮ ಕೈಯಲ್ಲಿರುವ ಷೇರು ಉಳಿಯುವುದು ಬೇರೆ. ದಿವಾಳಿ ವಿಷಯದಲ್ಲಿ ಎನ್‌ಸಿಎಲ್‌ಟಿ ಎಂಬ ಹೆಸರು ಕಂಡರೆ ಆ ಷೇರನ್ನು ಎಷ್ಟು ಕಡಿಮೆಗೆ ಸಿಕ್ಕರೂ ತೆಗೆದುಕೊಳ್ಳಬೇಡಿ.

ಆರನೇ ಹಂತ: ಸುದ್ದಿ ಯಾರ ಬಾಯಿಂದ ಬಂತು?

2023ರ ಮಾರ್ಚ್‌ನಲ್ಲಿ ಷೇರುಪೇಟೆಯ ನಿಯಂತ್ರಕ ಸಂಸ್ಥೆ ಸೆಬಿ ಸಾಧನಾ ಬ್ರಾಡ್‌ಕಾಸ್ಟ್ ಷೇರಿನ ಬಗ್ಗೆ ಒಂದು ಆದೇಶ ಹೊರಡಿಸಿತು. 2022ರ ಜುಲೈನಲ್ಲಿ ಯೂಟ್ಯೂಬ್ ಚಾನೆಲ್‌ಗಳಲ್ಲಿ ಆ ಕಂಪನಿ ಬಗ್ಗೆ ಸುಳ್ಳು ಸುದ್ದಿಯ ವಿಡಿಯೊಗಳು ಬಂದವು. ಬೆಲೆ ಏರಿತು. ಏರಿದ ಬೆಲೆಗೆ ಒಳಗಿನವರು ಮಾರಿದರು. ಆ ಹೊತ್ತಿನಲ್ಲಿ ಸಣ್ಣ ಷೇರುದಾರರ ಸಂಖ್ಯೆ 2,167ರಿಂದ 55,343ಕ್ಕೆ ಏರಿತ್ತು. ಆ ಐವತ್ತು ಸಾವಿರ ಜನರಲ್ಲಿ ನಮ್ಮಂಥವರೇ ಇದ್ದರು. ಯಾವಾಗ ಕೊಳ್ಳಬೇಕು ಎಂದು ಯಾರನ್ನೋ ಕೇಳಿ ಕೊಂಡವರು.

ಎಲ್ಸಿಡ್ ಇನ್ವೆಸ್ಟ್‌ಮೆಂಟ್ಸ್ ಉದಾಹರಣೆಯನ್ನೂ ಟಿಪ್ ಕೊಡುವವರು ಬಿಡುವುದಿಲ್ಲ. 2024ರ ಅಕ್ಟೋಬರ್ 29ರಂದು ಅದು 3.53 ರೂಪಾಯಿಯಿಂದ 2,36,250ಕ್ಕೆ ಹೋಯಿತು, ನಿಜ. ಅವರು ಹೇಳದ ಮಾತು ಇಷ್ಟು: ಆ ಕಂಪನಿಯ ಒಟ್ಟು ಷೇರು ಬರೇ 2 ಲಕ್ಷ, ಮುಕ್ಕಾಲು ಭಾಗ ಪ್ರವರ್ತಕರ ಕೈಯಲ್ಲಿ. ಅದರ ಹತ್ತಿರ ಏಷ್ಯನ್ ಪೇಂಟ್ಸ್ ಷೇರುಗಳ ದೊಡ್ಡ ಗಂಟೇ ಇತ್ತು. 3.53ಕ್ಕೆ ಮಾರುವವರು ಯಾರೂ ಇರಲಿಲ್ಲ. ವಿಶೇಷ ಹರಾಜಿನಲ್ಲಿ ಸರಿಯಾದ ಬೆಲೆ ಗೊತ್ತಾಯಿತು, ಅಷ್ಟೆ.

ಟಿಪ್ ಕೊಡುವವರ ಹತ್ತಿರ ಸೆಬಿ ನೋಂದಣಿ ಸಂಖ್ಯೆ ಕೇಳಿ. ಸಲಹೆಗಾರರದ್ದು ‘ಐಎನ್‌ಎ’ ಎಂದು, ರಿಸರ್ಚ್ ಅನಾಲಿಸ್ಟ್‌ರದ್ದು ‘ಐಎನ್‌ಎಚ್’ ಎಂದು ಶುರುವಾಗುತ್ತದೆ. ಅದು ಸರಿಯಾ ಎಂದು ಸೆಬಿ ವೆಬ್‌ಸೈಟಿನಲ್ಲೇ ನೋಡಿ. ಬೇರೆ ಆ್ಯಪ್ ಹಾಕಿಕೊಳ್ಳಿ, ಈ ಖಾತೆಗೆ ದುಡ್ಡು ಕಳಿಸಿ ಎಂದರೆ ಅದು ಷೇರಿನ ಮಾತೇ ಅಲ್ಲ. ಕಳಿಸಿಬಿಟ್ಟಿದ್ದರೆ ಆ ಕ್ಷಣವೇ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ. ನಾಚಿಕೊಂಡು ಮನೆಯಲ್ಲಿ ಬಚ್ಚಿಡಬೇಡಿ. ತಡವಾದಷ್ಟೂ ದುಡ್ಡು ಹಿಂದೆ ಸಿಗುವುದು ಕಷ್ಟ.

ಏಳನೇ ಹಂತ: ಕೊಳ್ಳುವ ದಿನ

ಎಲ್ಲ ಸರಿಯಾಗಿ ಕಂಡಿತು ಎಂದುಕೊಳ್ಳೋಣ. ಒಂದು ಪುಸ್ತಕದಲ್ಲಿ ಮೂರು ಸಾಲು ಬರೆಯಿರಿ: ಯಾಕೆ ಕೊಳ್ಳುತ್ತಿದ್ದೇನೆ, ಯಾವ ಕಾಗದದಲ್ಲಿ ಯಾವ ಮಾತು ಬಂದರೆ ಮಾರುತ್ತೇನೆ, ಯಾವ ಬೆಲೆಗೆ ಅರ್ಧ ಮಾರುತ್ತೇನೆ. ಬರೆಯಲು ಆಗದಿದ್ದರೆ ಆ ದಿನ ಕೊಳ್ಳಬೇಡಿ.

ಸಿಕ್ಕಿದ ಬೆಲೆಗೆ ಕೊಳ್ಳುವ ಮಾರ್ಕೆಟ್ ಆರ್ಡರ್ ಬೇಡ, ನೀವೇ ಬೆಲೆ ಹೇಳುವ ಲಿಮಿಟ್ ಆರ್ಡರೇ ಹಾಕಿ. ಇಂಥ ಷೇರಿನಲ್ಲಿ ಕೊಳ್ಳುವವರ ಮತ್ತು ಮಾರುವವರ ಬೆಲೆಯ ನಡುವೆ ಎಂಟು ಹತ್ತು ಪೈಸೆ ಅಂತರ ಇರಬಹುದು. 3.40ರಲ್ಲಿ ಹತ್ತು ಪೈಸೆ ಎಂದರೆ ಸುಮಾರು ಶೇ. 3. ಬೆಳಗಿನ ಮೊದಲ ಅರ್ಧ ಗಂಟೆ ಬಿಟ್ಟುಬಿಡಿ. ಮಧ್ಯಾಹ್ನ ಪರದೆಯಲ್ಲಿ ಎರಡೂ ಕಡೆ ಐದೂ ಸಾಲು ತುಂಬಿದೆಯಾ ನೋಡಿ.

ಒಮ್ಮೆಲೇ ಪೂರ್ತಿ ಬೇಡ. ಮೂರು ಪಾಲು ಮಾಡಿ. ಮೊದಲ ಪಾಲು ಒಂದು ಒಳ್ಳೆ ಫಲಿತಾಂಶದ ನಂತರ, ಎರಡನೆಯದು ಮುಂದಿನ ತ್ರೈಮಾಸಿಕವೂ ಅದನ್ನೇ ಹೇಳಿದರೆ, ಮೂರನೆಯದು ಅದರ ನಂತರ. ಬೆಲೆ ಬಿತ್ತು, ಸರಾಸರಿ ಇಳಿಸುತ್ತೇನೆ ಎಂದು ಕೊಳ್ಳಬೇಡಿ. ಮೊದಲ ಪಾಲು ಕೊಂಡ ಒಂದು ವಾರದ ಮೇಲೆ ಅದರ ಹತ್ತರಲ್ಲೊಂದು ಭಾಗ ಮಾರಿ ನೋಡಿ. ಡಿಪಿ ಶುಲ್ಕ ಎಂದು ಹದಿನೈದಿಪ್ಪತ್ತು ರೂಪಾಯಿ ಹೋಗುತ್ತದೆ, ಹೋಗಲಿ. ಎಷ್ಟು ಹೊತ್ತಿನಲ್ಲಿ, ಯಾವ ಬೆಲೆಗೆ ಹೋಯಿತು ಎಂದು ತಿಳಿಯುತ್ತದೆ. ನನಗೆ ಇದರಷ್ಟು ಉಪಯೋಗವಾದ ಅಭ್ಯಾಸ ಇನ್ನೊಂದಿಲ್ಲ.

ತೆರಿಗೆಯದ್ದು ಚುಟುಕಾಗಿ: ವರ್ಷದೊಳಗೆ ಮಾರಿದರೆ ಲಾಭಕ್ಕೆ ಶೇ. 20. ವರ್ಷ ದಾಟಿದರೆ 1.25 ಲಕ್ಷದ ಮೇಲಿನ ಲಾಭಕ್ಕೆ ಶೇ. 12.5. ನಷ್ಟವಾದರೆ ಗಡುವಿನೊಳಗೆ ರಿಟರ್ನ್ ಸಲ್ಲಿಸಿ, ಎಂಟು ವರ್ಷದವರೆಗೆ ಮುಂದಕ್ಕೆ ಒಯ್ಯಬಹುದು.

ತಮ್ಮನಿಗೆ ಅಂದು ಹೇಳಿದ್ದು ಇಷ್ಟೇ: “ನವೆಂಬರ್ 14ರವರೆಗೆ ಕಾಯಿ. ದುಡ್ಡು ನಿನ್ನ ಖಾತೆಯಲ್ಲೇ ಇರ್ತದೆ, ಎಲ್ಲಿಗೂ ಹೋಗುವುದಿಲ್ಲ.” ಷೇರು 4.10ರವರೆಗೆ ಹೋಯಿತು. ಎರಡು ವಾರ ಅವನು ನನ್ನ ಹತ್ತಿರ ಸರಿಯಾಗಿ ಮಾತಾಡಲಿಲ್ಲ. ಅಕ್ಟೋಬರ್ 21ರಂದು ಷೇರುದಾರರ ಪಟ್ಟಿ ಬಂತು, ಪ್ರವರ್ತಕರ ಪಾಲು ಶೇ. 6 ಇಳಿದಿತ್ತು. ನವೆಂಬರ್ 14ರ ಸಂಜೆ ಫಲಿತಾಂಶ ಬಂತು. ಬಾಕಿ 19 ಕೋಟಿ ಇದ್ದದ್ದು 23 ಆಗಿತ್ತು. ಅವನೇ ಓದಿ, ಅವನೇ ಗೆರೆ ಎಳೆದು ನನಗೆ ಫೋಟೊ ಕಳಿಸಿದ. ಈಗ ಅವನ ಪುಸ್ತಕದಲ್ಲಿ ಬೇರೆ ಎರಡು ಕಂಪನಿಗಳ ಹೆಸರಿದೆ. ಎರಡರ ಮುಂದೆಯೂ ಪೆನ್ಸಿಲಿನಲ್ಲಿ ಫೆಬ್ರವರಿ 14 ಎಂದು ಬರೆದಿದ್ದಾನೆ.